ಇವತ್ತು ಲೋಡು ಬೇಡ

ಮಸಿನಗುಡಿಯ ಕಡೆ ಲೋಡು ಎಂದರೆ ಸಗಣಿ. ಮನೆಮನೆಯ ಗುಂಡಿಯಿಂದ ಬುಟ್ಟಿಗಟ್ಟಲೆ ಎತ್ತಿ, ಧರ್ಮಲಿಂಗಂನ ಲಾರಿಗೆ ಹಾಕಿ, ಗಡಿಯಾಚೆಯ ತೋಟಗಳಿಗೆ ಕಳಿಸುವ ಸಗಣಿ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿ ಆ ಬೆಳಿಗ್ಗೆ ಭೀಮನಿಗೆ ಮರೆತುಹೋಯಿತು.

ಆನೆಯೊಂದು ಮರ ಬೀಳಿಸಿ ಕರೆಂಟಿನ ದೊಡ್ಡ ಲೈನು ಹರಿದು, ಪೇಟೆಯೆಲ್ಲ ಕತ್ತಲಾಗಿತ್ತು. ಭೀಮನ ಕೇರಿಯಲ್ಲಿ ಮಾತ್ರ ದೀಪ. ಅಲ್ಲಿ ಬಿಸಿಲಿನಿಂದ ತುಂಬುವ ಬ್ಯಾಟರಿಗಳು ಎಲ್ಲ ಮನೆಗೂ ಕರೆಂಟು ಕೊಡುತ್ತಿದ್ದವು. ಅವುಗಳ ಕೋಣೆಯ ಬೀಗದ ಕೈ ಭೀಮನ ಸೊಂಟದಲ್ಲಿತ್ತು. ಆದರೆ ಮೋಡ ಕವಿದು ಬ್ಯಾಟರಿ ಅರೆಹೊಟ್ಟೆಯಲ್ಲಿತ್ತು. ಅಂದೇ ಸಂಜೆ ಚಿನ್ನಿ ಬರುವವಳಿದ್ದಳು.

ಚಿನ್ನಿ ಅವನ ಹೆಂಡತಿ. ಹಿಂದೊಮ್ಮೆ ಕತ್ತಲಲ್ಲಿ ಎಮ್ಮೆಯೆಂದುಕೊಂಡು ಆನೆಯ ತೊಡೆಗೆ ತಟ್ಟಿದವಳು, ಬಾಗಿಲಲ್ಲಿ ದೀಪ ಉರಿಯುವ ತನಕ ಬರುವುದಿಲ್ಲವೆಂದು ಗೂಡಲೂರಿನ ತವರಿಗೆ ಹೋಗಿದ್ದಳು. ಈಗ ಬರುವುದಾಗಿ ಧರ್ಮಲಿಂಗಂನ ಕೈಯಲ್ಲಿ ಹೇಳಿಕಳಿಸಿದ್ದಳು.

ಭೀಮ ಮನೆಮನೆಗೂ ಹೋಗಿ, ಸೋಲಾರಿನ ಎಂಜಿನಿಯರು ಕಲಿಸಿದ್ದ ಮಾತನ್ನೇ ಹೇಳಿದ: "ಇವತ್ತೊಂದಿನ ಯಾರೂ ಲೋಡು ಹಾಕ್‌ಬ್ಯಾಡಿ."

ಕೇರಿಗೆ ಕೇರಿಯೇ ಖುಷಿಪಟ್ಟಿತು. ಬುಟ್ಟಿಗಳು ಮೂಲೆ ಸೇರಿದವು. ಬಿಡುವು ಸಿಕ್ಕಿತೆಂದು ಟಿವಿ ಹಚ್ಚಿದರು, ಗ್ರೈಂಡರಿಗೆ ಅಕ್ಕಿ ಸುರಿದರು, ಮದುವೆ ಬಟ್ಟೆಗಳನ್ನು ತೆಗೆದು ಇಸ್ತ್ರಿಗೆ ಕೂತರು. ಪೇಟೆಯ ನೆಂಟರು ಮಿಕ್ಸಿಗಳನ್ನು ಕಂಕುಳಲ್ಲಿ ಕೂಸಿನಂತೆ ಇಟ್ಟುಕೊಂಡು ಬಂದರು. ಮಧ್ಯಾಹ್ನ ಮೀಟರಿನ ಮುಳ್ಳು ಜ್ವರ ಬಂದವನ ತಲೆಯಂತೆ ವಾಲಿತು.

ಭೀಮ ಪಕ್ಕದ ಮನೆಗೆ ಓಡಿ ಲಿಂಗಾಜಮ್ಮನ ಮೇಲೆ ರೇಗಿದ. ಅವಳಿಗೂ ಸಿಟ್ಟು ಬಂತು.

"ಒಂದು ಬುಟ್ಟಿನೂ ಮುಟ್ಟಿಲ್ಲ ಕಣಪ್ಪ, ಬೇಕಾದ್ರೆ ಗುಂಡಿ ನೋಡ್ಕೊ. ಲಾರಿ ಧರ್ಮಲಿಂಗಂಗೂ ಬರ್‌ಬ್ಯಾಡ ಅಂತ ಫೋನ್ ಮಾಡಿವ್ನಿ."

ಭೀಮ ಹಣೆ ಹಣೆ ಚಚ್ಚಿಕೊಂಡ. ಕರೆಂಟು ಎಳೆಯುವುದೆಲ್ಲ ಲೋಡೇ, ಟಿವಿಯೂ ಲೋಡು, ಗ್ರೈಂಡರೂ ಲೋಡು ಎಂದು ಬಿಡಿಸಿ ಹೇಳಿದರೆ, ಇವನಿಗೆ ಹೆಂಡತಿ ಬರುವ ಸಂಭ್ರಮಕ್ಕೆ ತಲೆ ಕೆಟ್ಟಿದೆ ಎಂದರು. ಕೊನೆಗೆ ಅವನು ಬ್ಯಾಟರಿ ಕೋಣೆಗೆ ನುಗ್ಗಿ, ತನ್ನ ಮನೆಯದೊಂದನ್ನು ಬಿಟ್ಟು ಎಲ್ಲರ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡ.

ಸಂಜೆ ಭೀಮನ ಬಾಗಿಲಲ್ಲಿ ಒಂದೇ ಒಂದು ಬಲ್ಬು ಉರಿಯಿತು. ಬೇರೆಲ್ಲೂ ಬೆಳಕಿಲ್ಲದ್ದರಿಂದ ಇಡೀ ಕೇರಿ ಅರ್ಧ ರುಬ್ಬಿದ ಹಿಟ್ಟಿನೊಂದಿಗೆ ಅವನ ಅಂಗಳದಲ್ಲೇ ಬಂದು ಕೂತು ಅವನನ್ನು ಬೈಯತೊಡಗಿತು. ಭೀಮ ಕೇಳಿಸಿಕೊಳ್ಳಲಿಲ್ಲ. ತಲೆ ಬಾಚಿಕೊಂಡು ದಾರಿ ನೋಡುತ್ತಿದ್ದ.

ಲಿಂಗಾಜಮ್ಮನ ಮೊಬೈಲು ಕೂಗಿತು. ಅವಳು ಕೇಳಿ, ಹೂಂಗುಟ್ಟಿ, ಕೆಳಗಿಟ್ಟಳು.

"ನಿನ್ನ ಹೆಂಡ್ತಿ ಕಣಪ್ಪ. ಧರ್ಮಲಿಂಗಂ ಲಾರೀಲೆ ಬರಾಕೆ ಗಂಟು ಕಟ್ಕೊಂಡು ರೋಡಲ್ಲಿ ಕಾಯ್ತಾ ನಿಂತಿದ್ಲಂತೆ. ಬರ್‌ಬ್ಯಾಡ ಅಂತ ನೀನೇ ಹೇಳ್ಸಿದ್ದು ಗೊತ್ತಾಗಿ, ಇನ್ನು ಈ ಕಡೆ ತಲೆ ಹಾಕಾಕಿಲ್ಲ ಅಂದ್ಲು."

ಲಿಂಗಾಜಮ್ಮ ಬಲ್ಬನ್ನೊಮ್ಮೆ ನೋಡಿದಳು.

"ಅಂದ್ಮೇಲೆ ಅದನ್ನ ಆರ್ಸಿ ನಮ್ ಫ್ಯೂಸು ಕೊಡು. ಅದೂ ಲೋಡೇ ತಾನೆ?"