ಸದ್ದಿಲ್ಲದ ಕ್ಯಾಮೆರಾ, ಉಸಿರು ಹಿಡಿದ ಮಾವ

ಕೆಂಚಾರ್ಲಹಳ್ಳಿಯ ಮುದ್ದಪ್ಪನವರ ನಗುವನ್ನು ಸೆರೆಹಿಡಿಯುವುದಕ್ಕೆಂದೇ ತಾನು ಈ ಭೂಮಿಗೆ ಬಂದಿರುವುದಾಗಿ ಕನಕರಾಜ್ ಆ ಭಾನುವಾರ ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಘೋಷಿಸಿದ.

"ಮೊದಲು ಬಾಯಿ ತೊಳ್ಕೊಳಿ," ಎಂದಳು ಹೆಂಡತಿ ಶೈಲಜಾ.

ಕನಕರಾಜ್ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಮುದ್ದಪ್ಪ ಶೈಲಜಾಳ ಅಪ್ಪ. ಈ ಸಲ ಅವರು ಬೆಳೆದ ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣು ಕುಕ್ಕಿತ್ತು. ಹಾಗಾಗಿ ಊರಿನ ಬೆಳೆಗಾರರ ಸಂಘ ಮಾರನೆಯ ದಿನ ಅವರಿಗೆ ಸನ್ಮಾನ ಇಟ್ಟುಕೊಂಡಿತ್ತು. ಸನ್ಮಾನವೆಂದ ಮೇಲೆ ಫ್ಲೆಕ್ಸ್ ಬೇಕು, ಫ್ಲೆಕ್ಸ್ ಎಂದ ಮೇಲೆ ಫೋಟೋ ಬೇಕು. ಮಧ್ಯಾಹ್ನದೊಳಗೆ ಫೋಟೋ ಬಂದರೆ ಮಾತ್ರ ಪ್ರಿಂಟು ಎಂದು ಚಿಂತಾಮಣಿಯ ಫ್ಲೆಕ್ಸ್ ಅಂಗಡಿಯ ಗಂಗರಾಜು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಕನಕರಾಜ್ ಆ ವಾರವಷ್ಟೇ ಒಂದು ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಂದಿದ್ದ. ತರುವ ಮೊದಲು ಹೆಂಡತಿಯನ್ನು ಕೇಳಿರಲಿಲ್ಲ. ತಂದ ಮೇಲೆ ಹೆಂಡತಿ ಮಾತಾಡಿರಲಿಲ್ಲ. ಮೌನ ಮುರಿದ ದಿನ ಶೈಲಜಾ ತೀರ್ಪು ಕೊಟ್ಟಳು: "ಅಂಗಡಿಯವನು ಸೋಮವಾರದವರೆಗೂ ವಾಪಸ್ ತಗೋತೀನಿ ಅಂದಿದ್ದಾನಲ್ಲ? ಅಪ್ಪನ ಫೋಟೋ ತೆಗೀರಿ. ಫ್ಲೆಕ್ಸ್‌ನಲ್ಲಿ ಅಪ್ಪ ನಗ್ತಾ ಇದ್ರೆ ಕ್ಯಾಮೆರಾ ಮನೇಲಿ ಇರತ್ತೆ. ಎಂದಿನ ಹಾಗೆ ಮುಖ ಊದಿಸ್ಕೊಂಡಿದ್ರೆ, ಅದೂ ಅದರ ಡಬ್ಬಾನೂ ಬಂದ ದಾರಿ ಹಿಡೀಲಿ."

ಅಷ್ಟೇ ತಾನೆ! ಇಂಥ ಕ್ಯಾಮೆರಾ ಕೈಯಲ್ಲಿರುವಾಗ ಒಬ್ಬ ಮಾವನನ್ನು ನಗಿಸುವುದು ಏನು ಮಹಾ!

ಗಂಡ ಹೆಂಡತಿ ಕೆಂಚಾರ್ಲಹಳ್ಳಿ ತಲುಪಿದಾಗ ಜಗಲಿಯ ಮೇಲೆ ಷಡ್ಡಕ ಸುನೀಲ್‌ಕುಮಾರ್ ಆಗಲೇ ಕಾಲು ಚಾಚಿ ಕುಳಿತಿದ್ದ. ಶೈಲಜಾಳ ಅಕ್ಕನ ಗಂಡ, ಗೌರಿಬಿದನೂರಿನ ಕಡೆ ಪಶು ಆಸ್ಪತ್ರೆಯೊಂದರಲ್ಲಿ ಕೆಲಸ. ಅವನ ಕೊರಳಲ್ಲೂ ಒಂದು ಕ್ಯಾಮೆರಾ. ಹಳೆಯದು, ಭಾರದ್ದು, ಒಳಗೆ ಕನ್ನಡಿ ಇರುವಂಥದ್ದು. ಒತ್ತಿದರೆ ಆ ಕನ್ನಡಿ ಎದ್ದು ಬಿದ್ದು 'ಟಪ್' ಎಂದು ಬೀದಿಗೆಲ್ಲ ಕೇಳಿಸುತ್ತಿತ್ತು.

"ಏನಪ್ಪ ಕನಕರಾಜಪ್ಪ, ಕನ್ನಡಿ ತೆಗೆದುಹಾಕಿಬಿಟ್ಟು, ಇದ್ದಿದ್ದಕ್ಕಿಂತ ಜಾಸ್ತಿ ದುಡ್ಡು ಇಸ್ಕೊಂಡ್ರಂತೆ?"

"ಕನ್ನಡಿ ಇಲ್ದೇ ಇರೋದೇ ಅದರ ಗುಣ, ಸುನೀಲಣ್ಣ. ಫುಲ್ ಫ್ರೇಮ್ ಸೆನ್ಸರ್! ಕತ್ತಲಲ್ಲೂ ಕಾಣತ್ತೆ. ಕಣ್ಣನ್ನ ಅದೇ ಹುಡುಕ್ಕೊಂಡು ಹೋಗಿ ಫೋಕಸ್ ಮಾಡತ್ತೆ. ಮನುಷ್ಯ ಏನೂ ಮಾಡ್ಬೇಕಾಗಿಲ್ಲ!"

"ಮನುಷ್ಯ ಏನೂ ಮಾಡ್ದಿದ್ರೆ ನೀನ್ಯಾಕೆ ಬಂದೆ? ಅದನ್ನೇ ಬಸ್ ಹತ್ತಿಸಿ ಕಳಿಸಬಹುದಿತ್ತಲ್ಲ!"

ಮುದ್ದಪ್ಪ ಹೊರಬಂದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ, ಕೆಂಪಂಚಿನ ಪೇಟ. ಅಂಗಳದ ಕುರ್ಚಿಯಲ್ಲಿ ಕುಳಿತು ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಹಿಡಿದುಕೊಂಡರು. ಕಣ್ಣು ಮುಂದಕ್ಕೆ ಬಂತು, ಕೆನ್ನೆ ಊದಿಕೊಂಡಿತು. ಮದುವೆಯ ವರ್ಷ ಚಿಂತಾಮಣಿಯ ಸ್ಟುಡಿಯೋದವನೊಬ್ಬ 'ಟಪ್ ಅನ್ನೋವರೆಗೂ ಉಸಿರು ಬಿಡಬೇಡಿ' ಎಂದಿದ್ದನಂತೆ. ಅಂದಿನಿಂದ ಇಂದಿನವರೆಗೆ ಮುದ್ದಪ್ಪ ಆ ಮಾತಿಗೆ ತಪ್ಪಿದವರಲ್ಲ.

ಕನಕರಾಜ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಮೊಣಕಾಲೂರಿ ಒತ್ತಿದ. ಮುದ್ದಪ್ಪನವರ ಮುಖ ಹಸಿರು ಟೊಮೆಟೊ ಹಣ್ಣಾಗುವ ಹಾಗೆ ಹಂತಹಂತವಾಗಿ ಕೆಂಪಾಯಿತು.

"ಅಯಿಪೋಯಿಂದಾ?" ಎಂದರು ಕೊನೆಗೆ, ಮುಗೀತಾ ಎಂದು ಕೇಳಲು ತೆಲುಗಿನ ಒಂದೇ ಪದ ಸಾಕೆಂದು ಉಸಿರು ಉಳಿಸುತ್ತಾ.

"ಆಗ್ಲೇ ಮೂವತ್ತು ತೆಗೆದಾಯ್ತು ಮಾವ!"

"ಟಪ್ ಅನ್ಲೇ ಇಲ್ವಲ್ಲಪ್ಪ!"

ತೆರೆಯ ಮೇಲೆ ನೋಡಿದರೆ ಮೂವತ್ತರಲ್ಲೂ ಮಾವ ಆಗ ತಾನೆ ನೀರಿನಿಂದ ಎತ್ತಿದವರಂತಿದ್ದರು. ಅದೂ ಮಂಜುಮಂಜಾಗಿ. ಅವರ ಹಿಂದೆ ಕಟ್ಟಿದ್ದ ಸೀಮೆಹಸು ಮಾತ್ರ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ! ಊದಿಕೊಂಡ ಮುಖವನ್ನು ಕ್ಯಾಮೆರಾ ಮುಖವೆಂದೇ ಒಪ್ಪದೆ, ಹಸುವಿನ ವಿಶಾಲವಾದ ಕಣ್ಣಿಗೆ ಸೋತು ಹೋಗಿತ್ತು.

ಸುನೀಲ್‌ಕುಮಾರ್ ಕನ್ನಡಕ ಏರಿಸಿಕೊಂಡು ಪರೀಕ್ಷಿಸಿದ. "ಹಸು ಆರೋಗ್ಯವಾಗಿದೆ. ಕಣ್ಣಲ್ಲಿ ಪಿಸರೂ ಇಲ್ಲ. ಇಂಥ ಕ್ಯಾಮೆರಾ ನಮ್ಮ ಆಸ್ಪತ್ರೆಗೊಂದು ಬೇಕು ಕಣಪ್ಪ."

ಹಸುವನ್ನು ಹಿತ್ತಲಿಗೆ ಗಡೀಪಾರು ಮಾಡಲಾಯಿತು. ಈಗ ಸುನೀಲ್‌ಕುಮಾರನ ಸರದಿ. ಮಾವ ಉಸಿರೆಳೆದರು. 'ಟಪ್!' ಮಾವ ಉಸಿರು ಬಿಟ್ಟರು, ಮುಖ ಅರಳಿತು. ಆದರೆ ಫೋಟೋ ಬಿದ್ದದ್ದು ಉಸಿರು ಬಿಡುವ ಮೊದಲು! ಅದರಲ್ಲೂ ಅದೇ ಊದಿದ ಕೆನ್ನೆ, ಅದೇ ಹೊರಬಂದ ಕಣ್ಣು. ಹಸುವೂ ಇಲ್ಲ.

"ನೋಡಿದ್ರಾ!" ಕನಕರಾಜ್ ಕುಣಿದ. "ಟಪ್ ಅಂದ ಮೇಲೇ ಮಾವನ ಮುಖ ಚೆನ್ನಾಗಿರೋದು. ನಿಮ್ಮ ಕ್ಯಾಮೆರಾ ಸದ್ದಿಗೆ ಮುಂಚೆ ತೆಗೆಯತ್ತೆ, ಸದ್ದಾದ ಮೇಲೆ ಏನು ಪ್ರಯೋಜನ?"

"ನಿಂದು ಸದ್ದೇ ಮಾಡಲ್ಲ. ಮಾವನ ಉಸಿರು ನಿಲ್ಲಿಸೋ ಕ್ಯಾಮೆರಾ ಅದು! ಸದ್ದು ಹಾಕಯ್ಯ ಅದಕ್ಕೆ."

ಸದ್ದು ಹಾಕುವುದೆಲ್ಲಿ? ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು ಮೆನು. ಅದರಾಳಕ್ಕೆ ಇಳಿದ ಕನಕರಾಜ್ ಬರಿಗೈಯಲ್ಲಿ ಮೇಲೆ ಬಂದ. ಬಂದವನಿಗೆ ಫಳ್ಳನೆ ಹೊಳೆಯಿತು.

"ಸುನೀಲಣ್ಣ, ನೀವು ಟಪ್ ಅನ್ನಿಸಿ. ಮಾವ ಉಸಿರು ಬಿಡ್ತಾರೆ. ಆ ಕ್ಷಣಕ್ಕೆ ನಾನು ತೆಗೀತೀನಿ. ವಿಜ್ಞಾನ!"

"ಅಂದ್ರೆ ನನ್ನ ಕ್ಯಾಮೆರಾ ಪಟಾಕಿ, ನಿಂದು ಫೋಟೋಗ್ರಾಫರ್ರು?" ಸುನೀಲ್‌ಕುಮಾರ್ ಎದ್ದು ನಿಂತ. "ನನ್ನದನ್ನ ಒಂದ್ಸಲ ಚಾರ್ಜ್ ಮಾಡಿದ್ರೆ ಮದುವೆ, ಆರತಕ್ಷತೆ, ಬೀಗರೂಟ ಎಲ್ಲಾ ಮುಗಿಸತ್ತೆ. ನಿಂದು ಮುಹೂರ್ತಕ್ಕೇ ಮಲಗಿಬಿಡತ್ತೆ!"

"ನಿಮ್ಮ ಸೆನ್ಸರ್ ನನ್ನದರ ಅರ್ಧಾನೂ ಇಲ್ಲ!"

"ನಿನ್ನದರಲ್ಲಿ ಕಾಣೋದು ಟೀವಿ ಕಣೋ! ನನ್ನದರಲ್ಲಿ ಕಾಣೋದು ನಿಜವಾದ ಬೆಳಕು!"

"ಬೆಳಕಿನ ವಿಷಯ ನನಗೆ ಹೇಳ್ತೀರಾ? ನಾನು ಪಾಠ ಮಾಡೋದೇ ಬೆಳಕಿನ ಬಗ್ಗೆ!"

"ಅದಕ್ಕೇ ನಿನ್ನ ಹುಡುಗರೆಲ್ಲ ಕತ್ತಲೇಲಿರೋದು!"

ಈ ಮಹಾಯುದ್ಧದ ನಡುವೆ ಕುರ್ಚಿಯಲ್ಲಿದ್ದ ಮುದ್ದಪ್ಪ ಯಾರ ಟಪ್ ಯಾವಾಗ ಬರುತ್ತದೋ ಎಂದು ಮತ್ತೊಮ್ಮೆ ಉಸಿರು ಹಿಡಿದಿದ್ದರು. ಮುಖ ಟೊಮೆಟೊ ದಾಟಿ ಬದನೆಯತ್ತ ಸಾಗಿತ್ತು.

"ರೀ, ಅಪ್ಪನ್ನ ನೋಡ್ರೀ!" ಎಂದು ಶೈಲಜಾ ಕೂಗಿದಳು. "ಟೈಮೂ ಆಗೋಯ್ತು!"

ಅಷ್ಟರಲ್ಲಿ ರೇಷ್ಮೆಹುಳದ ಮನೆಯ ಬಾಗಿಲು ತೆರೆಯಿತು. ಅತ್ತೆ ಲಕ್ಷ್ಮೀನರಸಮ್ಮ ನೈಟಿಯ ಮೇಲೊಂದು ಟವೆಲ್ ಹೊದ್ದು, ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಗಂಡನ ಹಿಂದೆಯೇ ಬಂದು ನಿಂತರು. ಒಂದು ನೋಟ ಗಂಡನ ಮೇಲೆ, ಒಂದು ನೋಟ ಅಳಿಯಂದಿರ ಮೇಲೆ. ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರು ನೋಡಿ!

'ಟಪ್!'

"ಆಯ್ತು, ಏಳಿ. ಹುಳ ಹಸ್ಕೊಂಡವೆ. ಫೋಟೋ ನೋಡಿ ಹೊಟ್ಟೆ ತುಂಬಿಸ್ಕೊಳಲ್ಲ ಅವು."

ಮುದ್ದಪ್ಪ ಉಸಿರು ಬಿಟ್ಟರು. ಉಸಿರಿನ ಜೊತೆ, ಯಾರೂ ಕರೆಯದಿದ್ದರೂ, ಒಂದು ನಗು ಹೊರಗೆ ಬಂತು. ಹಲ್ಲು ಕಾಣುವ, ಹೊಟ್ಟೆ ಕುಲುಕುವ, ಕಣ್ಣಿನ ಸುತ್ತ ಗೆರೆಗಳೆಲ್ಲ ಎಚ್ಚರವಾಗುವ ನಗು. ಅದನ್ನು ಕಂಡು ಅತ್ತೆಯೂ ನಕ್ಕರು. ಕನಕರಾಜ್ ಕ್ಯಾಮೆರಾ ಎತ್ತಿದ. ಬೆರಳು ಕೆಲಸ ಮರೆಯಲಿಲ್ಲ. ಒತ್ತಿಯೇ ಒತ್ತಿದ. ಕ್ಯಾಮೆರಾ ಒಂದೇ ಉಸಿರಿಗೆ ಹತ್ತಾರು ಫೋಟೋ ನುಂಗಿತು.

"ಸಿಕ್ತು! ಸಿಕ್ತು!"

ದೊಡ್ಡದು ಮಾಡಿ ನೋಡಲು ಪುರುಸೊತ್ತೆಲ್ಲಿ? ಫೋಟೋಗಳನ್ನೆಲ್ಲ ಮೊಬೈಲಿಗಿಳಿಸಿ, ಗಂಗರಾಜುವಿಗೆ ಕಳಿಸಿ, ಕೆಳಗೆ ಒಂದು ಸಾಲು ಬರೆದ: 'ಇವುಗಳಲ್ಲಿ ಯಾರ ಮುಖ ತುಂಬ ಸ್ಪಷ್ಟವಾಗಿ, ನಗುತ್ತಾ ಇದೆಯೋ, ಅದನ್ನು ದೊಡ್ಡದಾಗಿ ಹಾಕಿ.' ಗಂಗರಾಜು ಸರಿಯೆಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಆ ರಾತ್ರಿ ಕನಕರಾಜ್ ಸುನೀಲ್‌ಕುಮಾರನಿಗೆ ಸೆನ್ಸರಿನ ಅಳತೆಯನ್ನು ಊಟದ ಎಲೆಯ ಮೇಲೆ ಮುದ್ದೆ ಇಟ್ಟು ವಿವರಿಸಿದ.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಊರೇ ನೆರೆದಿತ್ತು. ಸಂಘದ ಅಧ್ಯಕ್ಷ ಮುನಿಶಾಮಪ್ಪ ಫ್ಲೆಕ್ಸ್‌ನ ಹಗ್ಗ ಬಿಚ್ಚಿದರು. ಅದು ಸರಸರನೆ ಇಳಿದು ನಿಂತಿತು.

ಜನ ಕತ್ತು ಚಾಚಿದರು!

ಫ್ಲೆಕ್ಸ್‌ನಲ್ಲಿ ಆಳೆತ್ತರಕ್ಕೆ ನಗುತ್ತಿದ್ದವರು ಲಕ್ಷ್ಮೀನರಸಮ್ಮ! ನೈಟಿ, ಟವೆಲ್, ಸೊಪ್ಪಿನ ಬುಟ್ಟಿ ಸಮೇತ. ಕಿವಿಯ ಓಲೆಯ ಹರಳೂ ಹೊಳೆಯುತ್ತಿತ್ತು. ಕೆಳಗಿನ ಮೂಲೆಯಲ್ಲಿ ಒಂದು ಪೇಟದ ತುದಿ, ಅದೂ ಮಂಜು. ಅದರಡಿಯಲ್ಲಿ ಚಿನ್ನದ ಅಕ್ಷರ: 'ಉತ್ತಮ ರೇಷ್ಮೆ ಬೆಳೆಗಾರರಾದ ಶ್ರೀ ಮುದ್ದಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.'

ಕನಕರಾಜ್ ಗಂಗರಾಜುವಿಗೆ ಫೋನು ಮಾಡಿದ.

"ನೀವೇ ತಾನೆ ಸಾರ್ ಬರೆದಿದ್ದು, ಸ್ಪಷ್ಟವಾಗಿರೋ ಮುಖ ಹಾಕಿ ಅಂತ? ಅಷ್ಟರಲ್ಲೂ ಅಮ್ಮನವರೇ ಸ್ಪಷ್ಟವಾಗಿರೋದು. ಮುಂದೆ ಕೂತಿದ್ದ ಯಜಮಾನ್ರು ಅಡ್ಡ ಇದ್ರು, ಕತ್ತರಿಸಿಬಿಟ್ಟೆ."

"ಅಯ್ಯೋ ನನ್ನ ಮಾನ! ನೈಟೀಲಿ!" ಲಕ್ಷ್ಮೀನರಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸುನೀಲ್‌ಕುಮಾರ್ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಶೈಲಜಾ ಕ್ಯಾಮೆರಾದ ಬ್ಯಾಗಿನ ಕಡೆ ನೋಡಿದಳು. ಕನಕರಾಜ್‌ಗೆ ಅಂಗಡಿಯವನ ಮುಖ ಕಣ್ಣೆದುರು ಬಂದು ನಿಂತಿತು.

ಮುದ್ದಪ್ಪ ಮಾತ್ರ ತಲೆಯೆತ್ತಿ ಫ್ಲೆಕ್ಸ್ ನೋಡುತ್ತಲೇ ಇದ್ದರು. ತುಂಬ ಹೊತ್ತು ನೋಡಿದರು. ಮದುವೆಯಾದಾಗಿನಿಂದ ನೋಡುತ್ತಾ ಬಂದ ಮುಖವನ್ನು ಮೊದಲ ಸಲ ನೋಡುವವರ ಹಾಗೆ. ಆಮೇಲೆ ಮುನಿಶಾಮಪ್ಪನವರ ಕೈಯಿಂದ ಶಾಲು ತೆಗೆದುಕೊಂಡರು.

"ಸರಿಯಾಗೇ ಹಾಕವ್ನೆ ಬಿಡಪ್ಪ. ರಾತ್ರಿ ಹಗಲು ಹುಳಕ್ಕೆ ಸೊಪ್ಪು ಹಾಕಿದ್ದು ಇವಳು. ನಾನು ಮಾರ್ಕೆಟ್‌ಗೆ ಹೋಗಿ ಕಾಫಿ ಕುಡಿದು ಬಂದೋನು." ಶಾಲನ್ನು ಹೆಂಡತಿಯ ಹೆಗಲಿಗೆ ಹೊದಿಸಿಬಿಟ್ಟರು.

"ಏನ್ರೀ ಇದು, ಊರ ಮುಂದೆ!" ಎಂದು ಲಕ್ಷ್ಮೀನರಸಮ್ಮ ಗದರಿದರು. ಆದರೆ ಶಾಲನ್ನು ತೆಗೆಯಲಿಲ್ಲ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗಂಡಸರೂ ಆಚೀಚೆ ನೋಡಿಕೊಂಡು ತಟ್ಟಿದರು.

ಶೈಲಜಾ ಕಣ್ಣೊರೆಸಿಕೊಂಡು ಗಂಡನ ಪಕ್ಕಕ್ಕೆ ಬಂದಳು. "ಕ್ಯಾಮೆರಾ ವಾಪಸ್ ಕೊಡೋದು ಬೇಡ ಕಣ್ರೀ."

ಕನಕರಾಜನ ಎದೆ ಫುಲ್ ಫ್ರೇಮಿನಷ್ಟು ಅಗಲವಾಯಿತು. "ನಾನು ಹೇಳ್ಲಿಲ್ವಾ? ಗೊತ್ತಿರೋನ ಕೈಲಿ ಇದ್ರೆ..."

"ಅದಕ್ಕೆ ಯಾರನ್ನ ನೋಡ್ಬೇಕು ಅಂತ ಗೊತ್ತಿದೆ, ನಿಮಗೆ ಗೊತ್ತಿಲ್ಲ," ಎನ್ನುತ್ತಾ ಶೈಲಜಾ ಅವನ ಕೊರಳಿನಿಂದ ಕ್ಯಾಮೆರಾ ಬಿಡಿಸಿ ತನ್ನ ಕೊರಳಿಗೆ ಹಾಕಿಕೊಂಡಳು. "ಅಮ್ಮ, ಅಪ್ಪನ ಹತ್ರ ಸರ್ಕೊಂಡು ನಿಂತ್ಕೊ. ಭಾವ, ನೀವು ಜನಾನ ಸ್ವಲ್ಪ ಹಿಂದೆ ಸರಿಸಿ."

"ನಾನೇನು ಮಾಡ್ಲಿ?" ಎಂದ ಕನಕರಾಜ್.

"ನೀವು ಬ್ಯಾಗ್ ಹಿಡ್ಕೊಳಿ. ಫುಲ್ ಫ್ರೇಮಿನಲ್ಲಿ ಬೀಳದ ಹಾಗೆ, ಇನ್ನೂ ಆ ಕಡೆಗೆ ನಿಂತ್ಕೊಳಿ!"