ಕೆಂಪು ಕಾರಿನ ದಿಬ್ಬಣ

ಕಾರಿನ ವಿಷಯದಲ್ಲಿ ನನ್ನ ಪಾಂಡಿತ್ಯವನ್ನು ಹೊಳೆನರಸೀಪುರದಲ್ಲಿ ಅದುವರೆಗೆ ಯಾರೂ ಪ್ರಶ್ನಿಸಿರಲಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಮ್ಮ ಬೀದಿಯಲ್ಲಿ ಕಾರಿದ್ದವರೇ ಇಬ್ಬರು, ನಾನು ಮತ್ತು ನಮ್ಮ ಮಾವ. ನನ್ನದು ಹೊಸ ಕೆಂಪು ಕಾರು, ಕಾಲಿಟ್ಟರೆ ಹಾರುತ್ತಿತ್ತು. ಮಾವನದು ಬ್ರಿಟಿಷರ ಕಾಲದ ಕರಿ ಕಾರು. ಹ್ಯಾಂಡಲ್ ತಿರುಗಿಸಿದರೆ ಒಮ್ಮೆ ಕೆಮ್ಮಿ, ಯೋಚಿಸಿ, ಆಮೇಲೆ ಹೊರಡುತ್ತಿತ್ತು. ಅದನ್ನು ಮಾರಿಸಿಯೇ ತೀರಬೇಕೆಂದು ನಾನು ಹಟ ಹಿಡಿದಿದ್ದೆ.

ಅಷ್ಟರಲ್ಲಿ ಬಾಮೈದನ ಮದುವೆ ಬಂತು. ಹೆಣ್ಣಿನವರು ಚನ್ನರಾಯಪಟ್ಟಣದವರು. "ಮದುಮಗ ನನ್ ಕಾರಲ್ಲೇ ಬರ್ಲಿ ಮಾವ" ಎಂದೆ.

ಮಾವ ಸ್ವಲ್ಪ ಹೊತ್ತು ತಮ್ಮ ಕಾರಿನ ಬಾನೆಟ್ಟು ಸವರಿದರು. "ಆಗ್ಲಿ ಅಳಿಯಂದ್ರೇ. ನಿಮ್ ಕಾರು ನನ್ ಮಗನ್ನ ಮರ್ಯಾದೆಯಾಗಿ ಛತ್ರ ಮುಟ್ಟುಸ್ಬುಟ್ರೆ, ಇದನ್ನ ಮಾರ್ಬುಡ್ತೀನಿ. ಇಲ್ದಿದ್ರೆ ಇನ್ನೊಂದ್ ಸಲ ನೀವು ಆ ಮಾತ್ ಎತ್ಬಾರ್ದು."

"ನಿಧಾನ ಕಣ್ರೀ" ಎಂದಳು ನನ್ನ ಹೆಂಡತಿ ಕಮಲ. ನಾನು ನಕ್ಕೆ.

ಮದುಮಗನನ್ನು ಕೂರಿಸಿಕೊಂಡು ಹೊರಟೆ. ಮಾವ, ಕಮಲ ಕೂತಿದ್ದ ಕರಿ ಕಾರೂ ನೆಂಟರ ಬಸ್ಸೂ ಎಲ್ಲೋ ಹಿಂದೆ ಉಳಿದವು. ಚನ್ನರಾಯಪಟ್ಟಣದ ಊರಬಾಗಿಲಲ್ಲಿ ವಾಲಗದವರು, ಕಳಶ ಹಿಡಿದ ಹೆಂಗಸರು ನಿಂತಿದ್ದರು. ಯಾರದೋ ಮೆರವಣಿಗೆ ಎಂದುಕೊಂಡು ಹಾರನ್ ಹೊಡೆದು, ಧೂಳೆಬ್ಬಿಸಿ ದಾಟಿದೆ. ಯಾರದೋ ಅಲ್ಲ, ನಮ್ಮದೇ! ಗಂಡಿನವರನ್ನು ಎದುರುಗೊಳ್ಳಲು ಬಂದ ಬೀಗರು ಮಾವನ ಕರಿ ಕಾರಿನ ದಾರಿ ಕಾಯುತ್ತಿದ್ದರು.

ಛತ್ರದಲ್ಲಿ ಅಡುಗೆಯವರ ಹೊರತು ಯಾರೂ ಇರಲಿಲ್ಲ. ಅವರಲ್ಲೊಬ್ಬರು ಪೇಟ ಸುತ್ತಿದ ಮದುಮಗನನ್ನು ನೋಡಿ, "ಯಾರ್ ಕಡೆಯೋರು ಸಾ? ಊಟ ಇನ್ನೂ ಆಗಿಲ್ಲ" ಎಂದರು. ಬಾಮೈದ ಅಳುವುದೊಂದು ಬಾಕಿ.

ಆ ವಾಲಗ ನಮಗೇ ಎಂದು ಆಗ ಹೊಳೆದು, ಊರಬಾಗಿಲಿಗೆ ವಾಪಸು ಬಂದೆವು. ಅಷ್ಟರಲ್ಲಿ ಮಾವನೂ ಬಂದಿದ್ದರು. ಹೆಣ್ಣಿನ ದೊಡ್ಡಪ್ಪ ಮುಖದ ಧೂಳು ಒರೆಸಿಕೊಳ್ಳುತ್ತ, "ಅಂಗೆ ಧೂಳೆಬ್ಬಿಸ್ಕಂಡ್ ಓದೋರು ನೀವೇನಾ? ಬೆಂಕಿ ಆರ್ಸೋ ಗಾಡಿ ಅಂದ್ಕಂಡಿದ್ದೋ!" ಎಂದರು.

ಮೆರವಣಿಗೆ ಹೊರಟಿತು. ಮುಂದೆ ವಾಲಗ, ಹಿಂದೆ ನನ್ನ ಕಾರು. ಮನೆಮನೆಯ ಮುಂದೆ ನಿಂತು ಆರತಿ ಎತ್ತಿಸಿಕೊಳ್ಳಬೇಕು. ಹಾರಲು ಬಲ್ಲ ನನ್ನ ಕಾರಿಗೆ ನಡೆಯಲು ಬರುತ್ತಿರಲಿಲ್ಲ! ಬ್ರೇಕು ಬಿಟ್ಟರೆ ಡೋಲಿನವರ ಬೆನ್ನಿಗೆ ನುಗ್ಗುತ್ತಿತ್ತು, ಹಿಡಿದರೆ ನಿಂತುಹೋಗುತ್ತಿತ್ತು. ಅವರು ಹಿಂದೆ ನೋಡಿಕೊಂಡೇ ಬಾರಿಸಿ ತಾಳ ತಪ್ಪಿಸಿದರು. ಪೇಟೆ ಬೀದಿಗೆ ಬರುವಷ್ಟರಲ್ಲಿ ಕ್ಲಚ್ಚು ಸುಟ್ಟ ವಾಸನೆ, ಬಾನೆಟ್ಟಿನಿಂದ ಹಬೆ. ಆರತಿ ತಂದ ಅಜ್ಜಿಯೊಬ್ಬರು, "ಅಯ್ಯಯ್ಯೋ, ಬೇಯ್ತಾ ಅದೆ ಕಣ್ರಪ್ಪಾ!" ಎಂದು ಹಿಂದೆ ಸರಿದರು. ಕಾರು ಅಲ್ಲೇ ನಿಂತಿತು.

ಮಾವ ಮಗನನ್ನು ಕರಿ ಕಾರಿಗೆ ಹತ್ತಿಸಿಕೊಂಡರು. ಅದು ವಾಲಗದವರ ಹೆಜ್ಜೆಗೆ ಸರಿಯಾಗಿ ಹೊರಟಿತು, ಕೆಮ್ಮಲೂ ಇಲ್ಲ. ನಾನೂ ಕಮಲಳೂ ಹಿಂದೆ ನಡೆದೆವು.

"ನಮ್ ಮೆರವಣಿಗೇನೂ ಇದೇ ಕಾರಲ್ಲಿ. ಬೇಗ ಓಡ್ಸಿ ಮಾವ ಅಂತ ಪೀಡಿಸ್ತಿದ್ರಿ, ನೆನಪದೆಯಾ?" ಎಂದಳು.

ನೆನಪಿತ್ತು. ನಾಚಿಕೆಯೂ ಆಯಿತು. ಬಾಗಿಲಲ್ಲಿ ನಿಂತವರೆಲ್ಲ ಮದುಮಗನ ಮುಖವನ್ನು ಕಣ್ತುಂಬ ನೋಡಲಿ ಎಂದೇ ಅಷ್ಟು ನಿಧಾನ ಎಂಬುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಅವತ್ತು ನನ್ನ ಮುಖವನ್ನೂ ಯಾರೋ ಹಾಗೆ ನೋಡಿ ಹರಸಿದ್ದಿರಬೇಕು. ನಾನು ರಸ್ತೆ ನೋಡುತ್ತಿದ್ದೆ.

ಮಾರನೆಯ ದಿನ ಕರಿ ಕಾರು ಮದುಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಟಿತು. ಅದರ ಹಿಂದೆ ಹಗ್ಗ ಕಟ್ಟಿಸಿಕೊಂಡು ನನ್ನ ಕೆಂಪು ಕಾರು, ಒಳಗೆ ನಾನು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಎಂಗೆ ಅಳಿಯಂದ್ರೇ, ಇದನ್ನ ಮಾರ್ಬುಡನಾ?"

"ಊರು ಮುಟ್ಟೋಗಂಟ ಬ್ಯಾಡಿ ಮಾವ!"

ದಾರಿಯುದ್ದಕ್ಕೂ ಅವರನ್ನು ಹಿಂದೆ ಹಾಕುವ ಆಸೆ ನನಗೆ ಒಮ್ಮೆಯೂ ಬರಲಿಲ್ಲ. ಹಗ್ಗ ಗಿಡ್ಡವಿತ್ತು.