ಗುರುಶಾಂತಪ್ಪ ಮಸೆದ ಕಂಚಿನ ಕತ್ತಿ

ಗುರುಶಾಂತಪ್ಪನ ಗ್ರಹಚಾರ ಆ ಭಾನುವಾರ ಒಂದು ನಿಂಬೆಹಣ್ಣಿನ ರೂಪದಲ್ಲಿ ವಕ್ಕರಿಸಿತು. ಸಾಲದ್ದಕ್ಕೆ ಅವತ್ತು ಅಮಾವಾಸ್ಯೆ ಬೇರೆ.

ಹಲಸೂರಿನ ಮುನಿವೆಂಕಟಪ್ಪನ ಎರಕದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಒಂದೇ. ಎರಕವಾಗಿ ಒರಟೊರಟಾಗಿ ಬಂದ ಗಂಟೆಗೋ ಪ್ರಭಾವಳಿಗೋ ಅರ ಹಾಕಿ ಉಜ್ಜಿ ಮೈ ನಯ ಮಾಡುವುದು. ಈಚೆಗೆ ಕೈಕೆಲಸ ಕೇಳುವವರೇ ಇರಲಿಲ್ಲ. ಶನಿವಾರ ಸಂಜೆ ಮುನಿವೆಂಕಟಪ್ಪ ಒಂದು ಕಂಚಿನ ಕತ್ತಿಯನ್ನು ಅವನ ಕೈಗಿಟ್ಟು ಹೇಳಿದ್ದ:

"ಮ್ಯೂಸಿಯಂನ ಇಕ್ರಾ ಮೇಡಂ ಶಾಲೆ ಮಕ್ಕಳ ಪ್ರದರ್ಶನಕ್ಕೆ ಮಾಡಿಸ್ತಿರೋದು. ಹಳೇ ಕಾಲದ ಕತ್ತಿಯ ನಕಲು. ಮನೇಲೇ ಮಸೆದು ನಾಳೆ ಐದು ಗಂಟೆಗೆ ತಂದುಕೊಡು, ಅವರೂ ಬರ್ತಾರೆ. ಅವರಿಗೆ ಹಿಡಿಸಿದ್ರೆ ನೀನಿರ್ತೀಯ. ಇಲ್ಲಾಂದ್ರೆ ಒಂದನೇ ತಾರೀಖಿಂದ ಬರೋದು ಬೇಡಪ್ಪ."

ಐವತ್ತನಾಲ್ಕರ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕುವುದು? ಗುರುಶಾಂತಪ್ಪ ರಾತ್ರಿಯೇ ಅರ, ಸುತ್ತಿಗೆ ಹುಡುಕಿ ತೆಗೆದಿಟ್ಟ.

ಬೆಳಗ್ಗೆ ಬೇಗ ಎದ್ದು, ಕಗ್ಗದಾಸಪುರದ ವಠಾರದ ಒಗೆಯುವ ಕಲ್ಲಿನ ಪಕ್ಕ ಕೂತ. ಉಕ್ಕನ್ನಾದರೆ ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುತ್ತದೆ. ಕಂಚು ಆ ಮಾತು ಕೇಳುವುದಿಲ್ಲ. ಅದರ ಅಂಚನ್ನು ತಣ್ಣಗಿದ್ದಾಗಲೇ ಸಣ್ಣ ಸುತ್ತಿಗೆಯಿಂದ ಬಡಿಬಡಿದು ಗಟ್ಟಿ ಮಾಡಿ ಆಮೇಲೆ ಮಸೆಯಬೇಕು. ಹತ್ತು ಗಂಟೆಯ ಹೊತ್ತಿಗೆ ಕತ್ತಿ ಮಾವಿನೆಲೆಯ ಹಾಗೆ ನಡುವೆ ಅಗಲವಾಗಿ, ತುದಿ ಚೂಪಾಗಿ ಹೊಳೆಯುತ್ತಿತ್ತು. ಇನ್ನು ಎಣ್ಣೆ ಒರೆಸಿದರೆ ಆಯಿತು.

ಅಷ್ಟರಲ್ಲಿ ಎದುರು ರೂಮಿನ ಜಟ್ಟೆಮ್ಮ ನಿಂಬೆಹಣ್ಣು ಹಿಡಿದು ಬಂದಳು.

"ಯಪ್ಪಾ ಶಾಂತಪ್ಪ, ಅಮಾಸಿ ದಿನ ಆಯುಧ ಮಸೀಲಿಕ್ಕತ್ತೀಯಲ್ಲ! ಹೊಸಾದು ಮೊದ್ಲ ಏನಾರ ಕಡೀಬೇಕು. ಇಲ್ಲಂದ್ರ ಮಸೆದವನ ಕೈನೇ ಕೇಳ್ತದ."

"ಇದು ನಕಲಿ ಕತ್ತಿ ಯಕ್ಕಾ."

"ಅದಕ್ಕೇನ್ ಗೊತ್ತು ನಕಲಿ ಅಂತ?"

ಕೆಲಸವೇ ತೂಗಾಡುತ್ತಿರುವಾಗ ದೇವರನ್ನು ಯಾಕೆ ಎದುರು ಹಾಕಿಕೊಳ್ಳಬೇಕೆಂದು ಗುರುಶಾಂತಪ್ಪ ಹಣ್ಣನ್ನು ಒಗೆಯುವ ಕಲ್ಲಿನ ಮೇಲಿಟ್ಟು ಕತ್ತಿ ಬೀಸಿದ. ಹಣ್ಣು ಉರುಳಿಕೊಂಡು ಬಚ್ಚಲಿಗೆ ಹೋಯಿತು. ಕತ್ತಿ ಕಲ್ಲಿಗೆ ಬಡಿದು, ಬಲ ಅಂಚಿನಲ್ಲಿ ಕಡಲೆಕಾಳಿನಷ್ಟು ಮುಕ್ಕಾಯಿತು.

"ಹೋಗ್ಲಿ ಬಿಡು, ದೃಷ್ಟಿ ಹೋತು," ಎಂದು ಜಟ್ಟೆಮ್ಮ ತನ್ನ ಈಳಿಗೆಯನ್ನೂ ಮಸೆಯಲು ಅಲ್ಲೇ ಇಟ್ಟು ಹೋದಳು.

ಮುಕ್ಕು ಹೋಗಬೇಕಾದರೆ ಬಲ ಅಂಚನ್ನು ಉದ್ದಕ್ಕೂ ಅರದಿಂದ ಸವೆಸಬೇಕು. ಸವೆಸಿದ. ಆಗ ಮೇಲಿನ ರೂಮಿನ ಗಾರೆ ಕೆಲಸದ ಅಂಬಣ್ಣ ಹಲ್ಲುಜ್ಜುತ್ತಾ ಇಳಿದು ಬಂದು ಒಂದು ಕಣ್ಣು ಮುಚ್ಚಿ ನೋಡಿದ.

"ಎಡಗಡೆ ಒಂದ್ ನೂಲು ಜಾಸ್ತಿ ಇದೆ ಗುರು."

ಎಡಗಡೆ ತೆಗೆದ.

"ಈಗ ಬಲಗಡೆ ಜಾಸ್ತಿ ಆಯ್ತಲ್ಲ! ನನ್ ಕಣ್ಣಿಗೆ ಗೋಡೆ ಓರೆನೇ ತಪ್ಪಲ್ಲ, ಇದ್ಯಾವ ಲೆಕ್ಕ?"

ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಹಾಗೆ ಎರಡೂ ಕಡೆ ಸವೆಯುತ್ತಾ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮಾವಿನೆಲೆ ಬಿದಿರೆಲೆಯಾಗಿತ್ತು. ಬಡಿದು ಗಟ್ಟಿ ಮಾಡಿದ್ದ ಅಂಚೆಲ್ಲ ಪುಡಿಯಾಗಿ ಉದುರಿಹೋಗಿದ್ದರಿಂದ ಮತ್ತೆ ಸುತ್ತಿಗೆ ಹಿಡಿದ. ಅವಸರದಲ್ಲಿ ಏಟು ಜೋರಾಯಿತು; ಅಂಚು ಬಿರಿದು ಇನ್ನೆರಡು ಕಡೆ ಮುಕ್ಕಾಯಿತು. ಗಂಟೆ ಆಗಲೇ ನಾಲ್ಕು.

"ಹಿಡಿ ಚೆನ್ನಾಗಿದೆ ಗುರು," ಎಂದು ಅಂಬಣ್ಣ ಸಮಾಧಾನ ಹೇಳಿ ಊಟಕ್ಕೆ ಹೋದ.

ಗುರುಶಾಂತಪ್ಪ ಕತ್ತಿಯನ್ನು ಹಳೇ ಲುಂಗಿಯಲ್ಲಿ ಸುತ್ತಿ ಬಸ್ಸು ಹತ್ತಿದ. ಹಿಡಿ ಹೊರಗೆ ಇಣುಕುತ್ತಿದ್ದುದರಿಂದ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಇಬ್ಬರ ಸೀಟಿನಲ್ಲಿ ಒಬ್ಬನೇ ಕೂತು, ಊರಿಗೆ ಫೋನು ಮಾಡಿ ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸಿದ. ಅಳು ಬಂತು.

ಶೆಡ್ಡಿನಲ್ಲಿ ಲುಂಗಿ ಬಿಚ್ಚಿದಾಗ ಮುನಿವೆಂಕಟಪ್ಪನ ಮುಖ ಕಪ್ಪಿಟ್ಟಿತು. "ಏನಯ್ಯಾ ಇದು? ಅರ್ಧ ಕತ್ತಿ ಎಲ್ಲೋಯ್ತು?"

ಇಕ್ರಾ ಮೇಡಂ ಮಾತ್ರ ಕತ್ತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಯಾರ್ ಮಾಡಿದ್ದು ಇದು?"

"ನಾನೇ ರೀ," ಎಂದ ಗುರುಶಾಂತಪ್ಪ, ಕಳ್ಳನ ಹಾಗೆ.

"ಸೂಪರ್! ನಾಲ್ಕು ತಲೆಮಾರು ಯುದ್ಧ ಮಾಡಿ ಮಸೆದು ಮಸೆದು ಸವೆದಿರೋ ಥರಾನೇ ಇದೆ. ಎಲ್ರೂ ಹೊಸದಾಗಿ ಹೊಳೆಯೋದನ್ನೇ ಕೊಡ್ತಾರೆ. ಮುನಿವೆಂಕಟಪ್ಪನವ್ರೇ, ನಂಗೆ ಸೇಮ್ ಇಂಥದ್ದೇ ನಲವತ್ತು ಬೇಕು. ಇದೇ ಸವೆತ, ಇದೇ ಮುಕ್ಕು. ಚೂಪು ಮಾತ್ರ ಬೇಡ, ಮಕ್ಕಳು ಮುಟ್ತಾರೆ."

ನಲವತ್ತು! ದಿನಕ್ಕೊಂದೆಂದರೂ ನಲವತ್ತು ದಿನದ ಕೆಲಸ. ಗುರುಶಾಂತಪ್ಪನ ಎದೆ ತುಂಬಿ ಬಂತು. ಜಟ್ಟೆಮ್ಮನಿಗೊಂದು ಸೀರೆ ತೆಗೆದುಕೊಡಬೇಕೆಂದು ಅಲ್ಲೇ ನಿಂತು ನಿಶ್ಚಯಿಸಿದ.

ಮೇಡಂ ಹೋದ ಮೇಲೆ ಮುನಿವೆಂಕಟಪ್ಪ ಅವನ ಬೆನ್ನು ತಟ್ಟಿದ. "ಭೇಷ್ ಶಾಂತಪ್ಪ! ಇದನ್ನೇ ಮರಳಿಗೊತ್ತಿ ಅಚ್ಚು ತೆಗೆದ್ರೆ ಮುಕ್ಕು ಸಮೇತ ನಲವತ್ತೂ ಎರಕದಲ್ಲೇ ಬಂದ್ಬಿಡುತ್ತೆ. ಮಸೆಯೋ ಹಾಗಿಲ್ಲ, ಅರ ಮುಟ್ಟಿಸೋ ಹಾಗಿಲ್ಲ. ನಾನೂ ಯೋಚ್ನೆ ಮಾಡ್ತಿದ್ದೆ, ಕೆಲಸದಿಂದ ನಿನ್ನ ಬಿಡಿಸೋದು ಹೇಗಪ್ಪಾ ಅಂತ. ಅರದ ಕೆಲಸವೇ ಇಲ್ಲ ಅಂದ್ಮೇಲೆ ಇನ್ನೇನು."

ಗುರುಶಾಂತಪ್ಪ ಹಳೇ ಲುಂಗಿ ಮಡಚಿ ಕಂಕುಳಲ್ಲಿಟ್ಟುಕೊಂಡ.

"ಒಂದನೇ ತಾರೀಖಿಗಿನ್ನೂ ನಾಲ್ಕು ದಿನ ಇದೆಯಲ್ಲ," ಎಂದು ಮುನಿವೆಂಕಟಪ್ಪ ಮರಳಿನ ಪೆಟ್ಟಿಗೆಯನ್ನು ಅವನ ಮುಂದೆ ತಳ್ಳಿದ. "ಬಾ, ನೀನೇ ಒತ್ತು. ನಿನ್ನಷ್ಟು ನಾಜೂಕಾಗಿ ಇನ್ಯಾರಿಗೆ ಬರುತ್ತೆ?"